ಜನರಿಲ್ಲದ ಊರಿಗೂ ಒಬ್ಬ ಮೇಯರ್: ಫ್ರಾನ್ಸಿನ ಪುಟ್ಟ ಕಮ್ಯೂನ್ ಬದುಕುವ ಬಗೆ

ಫ್ರಾನ್ಸಿನ ಈಶಾನ್ಯ ಭಾಗದಲ್ಲಿ, ವರ್ಡನ್ ಪಟ್ಟಣಕ್ಕೆ ಹತ್ತಿರದ ಕಾಡಿನಲ್ಲಿ, ಫ್ಲರಿ-ದವಾಂ-ದೂಓಮೋಂ ಎಂಬ ಹಳ್ಳಿಯೊಂದಿತ್ತು. ಮೊದಲನೆಯ ಮಹಾಯುದ್ಧ ಆರಂಭವಾಗುವ ಮುನ್ನ ಅಲ್ಲಿ ನಾನೂರಕ್ಕೂ ಹೆಚ್ಚು ಜನರು ಹೊಲ, ಮರಗೆಲಸ, ಅಂಗಡಿ ಎಂದು ಬದುಕು ನಡೆಸಿಕೊಂಡಿದ್ದರು. 1916ರ ಬೇಸಿಗೆಯ ಕೆಲವೇ ವಾರಗಳಲ್ಲಿ ಆ ಊರು ಫ್ರೆಂಚರಿಂದ ಜರ್ಮನರಿಗೆ, ಜರ್ಮನರಿಂದ ಫ್ರೆಂಚರಿಗೆ ಎಂದು ಹದಿನಾರು ಸಲ ಕೈ ಬದಲಾಯಿಸಿತು. ಕೊನೆಗೆ ಒಂದು ಗೋಡೆಯೂ ನಿಲ್ಲಲಿಲ್ಲ. ಫಿರಂಗಿಯ ಗುಂಡುಗಳಿಂದ ಗುಂಡಿಬಿದ್ದ ಆ ನೆಲದ ಮೇಲೆ ಈಗ ಮರಗಳು ಬೆಳೆದಿವೆ. ಇಲ್ಲಿ ಶಾಲೆಯಿತ್ತು, ಇಲ್ಲಿ ಬ್ರೆಡ್ ಸುಡುವವನ ಮನೆಯಿತ್ತು ಎಂದು ತಿಳಿಸುವ ಚಿಕ್ಕ ಗುರುತುಗಂಬಗಳನ್ನು ಬಿಟ್ಟರೆ ಊರಿನ ಕುರುಹೇ ಇಲ್ಲ. ಜನಗಣತಿಯ ಪಟ್ಟಿಯಲ್ಲಿ ಅದರ ಜನಸಂಖ್ಯೆ ಸೊನ್ನೆ. ಹೀಗಿದ್ದರೂ ಫ್ಲರಿಗೆ ಇಂದಿಗೂ ಒಬ್ಬ ಮೇಯರ್ ಇದ್ದಾರೆ.

ವರ್ಡನ್ ಸುತ್ತಮುತ್ತ ಇಂತಹ ಆರು ಊರುಗಳಿವೆ. ಯುದ್ಧದಲ್ಲಿ ನೆಲಸಮವಾಗಿ ಮತ್ತೆಂದೂ ಕಟ್ಟಲಾಗದ ಈ ಊರುಗಳನ್ನು ಫ್ರೆಂಚ್ ಸರ್ಕಾರ ‘ಫ್ರಾನ್ಸಿಗಾಗಿ ಮಡಿದ ಊರುಗಳು’ ಎಂದು ಗೌರವಿಸಿತೇ ಹೊರತು ಅವುಗಳ ಹೆಸರನ್ನು ಆಡಳಿತದ ಪುಸ್ತಕದಿಂದ ಅಳಿಸಲಿಲ್ಲ. ಮತ ಹಾಕಲು ಜನರೇ ಇಲ್ಲದ ಕಾರಣ ಇವುಗಳ ಮೇಯರ್ ಚುನಾವಣೆಯಿಂದ ಬರುವುದಿಲ್ಲ. ಆ ಜಿಲ್ಲೆಯಲ್ಲಿ ಕೇಂದ್ರ ಸರ್ಕಾರದ ಪ್ರತಿನಿಧಿಯಾಗಿರುವ ಪ್ರಿಫೆಕ್ಟ್ ಅವರನ್ನು ನೇಮಿಸುತ್ತಾರೆ. ಊರಿನ ಸ್ಮಾರಕವನ್ನೂ ಪ್ರಾರ್ಥನಾಮಂದಿರವನ್ನೂ ನೋಡಿಕೊಳ್ಳುವುದು, ದಾಖಲೆಗಳನ್ನು ಕಾಪಾಡುವುದು, ವರ್ಷಕ್ಕೊಮ್ಮೆ ಅಲ್ಲಿಯ ಕುಟುಂಬಗಳ ವಂಶಜರನ್ನು ಬರಮಾಡಿಕೊಂಡು ಸತ್ತವರನ್ನು ನೆನೆಯುವುದು ಇವರ ಕೆಲಸ.

ಫ್ರಾನ್ಸಿನಲ್ಲಿ ‘ಕಮ್ಯೂನ್’ ಎಂದರೆ ಏನು ಎಂಬ ಪ್ರಶ್ನೆಗೆ ಈ ಆರು ಊರುಗಳಿಗಿಂತ ಸ್ಪಷ್ಟವಾದ ಉತ್ತರ ನನಗೆ ತಿಳಿದಿಲ್ಲ. ಕಮ್ಯೂನ್ ಎಂಬುದು ಮನೆಗಳ ಗುಂಪೂ ಅಲ್ಲ, ಇಷ್ಟು ಜನಸಂಖ್ಯೆಗೆ ಇಷ್ಟು ಎಂದು ಲೆಕ್ಕ ಹಾಕಿ ಸರ್ಕಾರ ಹಂಚಿದ ಆಡಳಿತ ಘಟಕವೂ ಅಲ್ಲ. ಅದೊಂದು ಗಡಿಯುಳ್ಳ ನೆಲ, ಒಂದು ಹೆಸರು, ಒಂದು ದಫ್ತರ, ತನ್ನದೇ ಆಸ್ತಿ, ತನ್ನದೇ ಲೆಕ್ಕಪತ್ರ ಉಳ್ಳ ಕಾನೂನುಬದ್ಧ ವ್ಯಕ್ತಿ. ಜನರು ಹುಟ್ಟುತ್ತಾರೆ, ವಲಸೆ ಹೋಗುತ್ತಾರೆ, ಸಾಯುತ್ತಾರೆ, ಕಮ್ಯೂನ್ ಉಳಿಯುತ್ತದೆ. ದಕ್ಷಿಣದ ದ್ರೋಮ್ ಪ್ರಾಂತದಲ್ಲಿ ರೋಶ್‌ಫೂರ್ಶಾ ಎಂಬ ಕಮ್ಯೂನಿನ ಅಧಿಕೃತ ಜನಸಂಖ್ಯೆ ಒಂದೇ ಒಂದು ಎಂದು ಹಲವು ವರ್ಷ ದಾಖಲಾಗಿತ್ತು, ಅಲ್ಲಿಗೂ ಮೇಯರ್ ಇದ್ದರು, ಪರಿಷತ್ತೂ ಇತ್ತು. ಕಮ್ಯೂನಿನಲ್ಲಿ ವಾಸವಿಲ್ಲದಿದ್ದರೂ ಅಲ್ಲಿ ತೆರಿಗೆ ಕಟ್ಟುವವರು ಮತದಾರರೂ ಸದಸ್ಯರೂ ಆಗಲು ಕಾನೂನಿನಲ್ಲಿ ಅವಕಾಶ ಇರುವುದರಿಂದ ಇದು ಸಾಧ್ಯವಾಗುತ್ತದೆ.

ಈ ವ್ಯವಸ್ಥೆಯ ಬೇರು ಫ್ರೆಂಚ್ ಕ್ರಾಂತಿಯಲ್ಲಿದೆ. ಕ್ರಾಂತಿಗೆ ಮುನ್ನ ಹಳ್ಳಿಯ ಬದುಕು ಚರ್ಚಿನ ‘ಪಾರಿಶ್’ ಸುತ್ತ ಹೆಣೆದುಕೊಂಡಿತ್ತು. ಒಂದು ಚರ್ಚಿನ ಗಂಟೆ ಎಷ್ಟು ದೂರ ಕೇಳುತ್ತದೆಯೋ ಅಷ್ಟು ಒಂದು ಊರು ಎನ್ನುವಂತಿತ್ತು. 1789ರ ಡಿಸೆಂಬರ್ 14ರ ಕಾನೂನು ಈ ಪಾರಿಶ್‌ಗಳನ್ನೂ ಪಟ್ಟಣಗಳನ್ನೂ ಒಂದೇ ಮಾದರಿಯ ಪೌರಾಡಳಿತಗಳಾಗಿ ಮಾರ್ಪಡಿಸಿತು. ಪ್ಯಾರಿಸ್ಸಿಗೆ ಮಾತ್ರ ಬೇರೆ ನಿಯಮಗಳಿದ್ದವು. ಉಳಿದಂತೆ ದೊಡ್ಡ ನಗರಕ್ಕೂ ಹತ್ತಾರು ಮನೆಗಳ ಹಳ್ಳಿಗೂ ಒಂದೇ ಕಾನೂನು, ಒಂದೇ ಹುದ್ದೆ, ಒಂದೇ ಗೌರವ. ದೊಡ್ಡದಕ್ಕೆ ಮಹಾನಗರಪಾಲಿಕೆ, ಚಿಕ್ಕದಕ್ಕೆ ಪಂಚಾಯಿತಿ ಎಂಬ ಶ್ರೇಣಿಗೆ ಒಗ್ಗಿದ ನಮ್ಮ ಕಣ್ಣಿಗೆ ಇದು ವಿಚಿತ್ರವಾಗಿ ಕಾಣಬಹುದು, ಆದರೆ ಫ್ರೆಂಚ್ ಹಳ್ಳಿಯವರ ಆತ್ಮಗೌರವ ನಿಂತಿರುವುದೇ ಈ ಸಮಾನತೆಯ ಮೇಲೆ. ಲಿಯೋಂ ನಗರದ ಮೇಯರ್ ಧರಿಸುವ ನೀಲಿ, ಬಿಳಿ, ಕೆಂಪು ಬಣ್ಣದ ಅಡ್ಡಪಟ್ಟಿಯನ್ನೇ ಎಂಬತ್ತು ಜನರಿರುವ ಹಳ್ಳಿಯ ಮೇಯರ್ ಕೂಡ ಧರಿಸುತ್ತಾರೆ.

ಇಂದು ಫ್ರಾನ್ಸಿನಲ್ಲಿ ಸುಮಾರು 35 ಸಾವಿರ ಕಮ್ಯೂನ್‌ಗಳಿವೆ. ಅವುಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವುಗಳ ಜನಸಂಖ್ಯೆ 500ಕ್ಕಿಂತ ಕಡಿಮೆ. ನೆರೆಯ ಬೆಲ್ಜಿಯಂ 1977ರಲ್ಲಿ ತನ್ನ 2,359 ಕಮ್ಯೂನ್‌ಗಳನ್ನು ಒಂದೇ ಏಟಿಗೆ 596ಕ್ಕೆ ಇಳಿಸಿತು. ಫ್ರಾನ್ಸ್ ಕೂಡ 1971ರಲ್ಲಿ ಕಾನೂನು ತಂದು ಇಂತಹ ವಿಲೀನಕ್ಕೆ ಪ್ರಯತ್ನಿಸಿತು, ಆದರೆ ಹಳ್ಳಿಗಳು ಜಗ್ಗಲಿಲ್ಲ. ವಿಲೀನವಾದ ಕೆಲವು ಊರುಗಳು ಮುಂದೆ ಬೇರೆಯಾಗಿ ಮತ್ತೆ ತಮ್ಮ ಹೆಸರನ್ನು ಪಡೆದುಕೊಂಡವು. ಆಡಳಿತತಜ್ಞರು ಇದನ್ನು ಅನೇಕ ಸಲ ‘ಚೂರುಚೂರಾಗಿರುವ ವ್ಯವಸ್ಥೆ’ ಎಂದು ಟೀಕಿಸಿದ್ದಾರೆ. ಆ ಟೀಕೆಯಲ್ಲಿ ಸತ್ಯಾಂಶವಿದೆ, ಆದರೆ ಪುಟ್ಟ ಕಮ್ಯೂನ್ ದಿನನಿತ್ಯ ಏನು ಮಾಡುತ್ತದೆ ಎಂಬುದನ್ನು ನೋಡದೆ ಆ ತೀರ್ಮಾನಕ್ಕೆ ಬರುವುದು ಸರಿಯಲ್ಲ.

ಯಾವುದೇ ಫ್ರೆಂಚ್ ಹಳ್ಳಿಗೆ ಹೋದರೂ ಒಂದು ಕಟ್ಟಡವನ್ನು ಸುಲಭವಾಗಿ ಗುರುತಿಸಬಹುದು: ಬಾಗಿಲ ಮೇಲೆ ರಾಷ್ಟ್ರಧ್ವಜ, ಗೋಡೆಯ ಮೇಲೆ ‘ಸ್ವಾತಂತ್ರ್ಯ, ಸಮಾನತೆ, ಸಹೋದರತೆ’ ಎಂಬ ಬರಹ, ಪಕ್ಕದಲ್ಲಿ ಸೂಚನಾಫಲಕ. ಇದು ‘ಮೇರಿ’, ಅಂದರೆ ಮೇಯರ್ ಕಚೇರಿ. 1884ರ ಏಪ್ರಿಲ್ 5ರ ಕಾನೂನು ಇಂದಿನ ಕಮ್ಯೂನಿಗೆ ಅಡಿಪಾಯ ಹಾಕಿತು. ಊರಿನ ವ್ಯವಹಾರಗಳನ್ನು ಊರಿನ ಪರಿಷತ್ತು ತನ್ನ ನಿರ್ಣಯಗಳ ಮೂಲಕ ನಡೆಸುತ್ತದೆ ಎಂಬ ಅದರ ಒಂದು ಸಾಲು ಇಂದಿಗೂ ಜಾರಿಯಲ್ಲಿದೆ. ಅದೇ ದಶಕದಲ್ಲಿ, 1881–82ರಲ್ಲಿ, ಪ್ರಾಥಮಿಕ ಶಿಕ್ಷಣ ಉಚಿತವೂ ಕಡ್ಡಾಯವೂ ಧರ್ಮನಿರಪೇಕ್ಷವೂ ಆಯಿತು. ಆದ್ದರಿಂದ ಸಾವಿರಾರು ಹಳ್ಳಿಗಳು ಎರಡನ್ನೂ ಒಟ್ಟಿಗೆ ಕಟ್ಟಿಕೊಂಡವು: ನಡುವೆ ಮೇರಿ, ಒಂದು ರೆಕ್ಕೆಯಲ್ಲಿ ಹುಡುಗರ ಶಾಲೆ, ಇನ್ನೊಂದರಲ್ಲಿ ಹುಡುಗಿಯರ ಶಾಲೆ. ಆ ಕಾಲದ ಮೇಷ್ಟ್ರು ಬೆಳಗ್ಗೆ ಪಾಠ ಹೇಳಿ ಸಂಜೆ ಮೇರಿಯ ಕಾರ್ಯದರ್ಶಿಯಾಗಿ ದಫ್ತರ ಬರೆಯುತ್ತಿದ್ದದ್ದು ಸಾಮಾನ್ಯವಾಗಿತ್ತು.

ಮೇರಿ ಎಂಬ ಪದ ಭಾರತಕ್ಕೆ ತೀರ ಹೊಸದಲ್ಲ. ಪುದುಚೇರಿಯ ಕಡಲತೀರದಲ್ಲಿರುವ ಹಳೆಯ ಪುರಸಭಾ ಕಟ್ಟಡಕ್ಕೆ ಜನರು ಇಂದಿಗೂ ಮೇರಿ ಎಂದೇ ಹೇಳುತ್ತಾರೆ; 2014ರ ಮಳೆಗೆ ಕುಸಿದ ಅದನ್ನು ಹಳೆಯ ರೂಪದಲ್ಲಿಯೇ ಮತ್ತೆ ಕಟ್ಟಲಾಗಿದೆ. 1880ರ ಮಾರ್ಚ್ 12ರ ಆದೇಶದ ಮೂಲಕ ಫ್ರಾನ್ಸ್ ತನ್ನ ಭಾರತೀಯ ವಸಾಹತುಗಳಲ್ಲಿಯೂ ಕಮ್ಯೂನ್‌ಗಳನ್ನು ಸ್ಥಾಪಿಸಿತು. ಆ ಪದ ವಸಾಹತು ಮುಗಿದ ಮೇಲೂ ಉಳಿದುಕೊಂಡಿದೆ: ಪುದುಚೇರಿ ಮತ್ತು ಕಾರೈಕಾಲ್ ಪ್ರದೇಶಗಳಲ್ಲಿ ಈಗಲೂ ಬಾಹೂರ್, ವಿಲಿಯನೂರ್, ತಿರುನಳ್ಳಾರ್ ಮೊದಲಾದ ಹತ್ತು ‘ಕಮ್ಯೂನ್ ಪಂಚಾಯತ್’ಗಳಿವೆ. ಭಾರತದಲ್ಲಿ ಬೇರೆಲ್ಲಿಯೂ ಪಂಚಾಯಿತಿಯ ಹಿಂದೆ ಈ ಪದ ಸೇರಿಲ್ಲ.

ಇನ್ನು ಪರಿಷತ್ತಿನ ವಿಷಯ. ನೂರಕ್ಕಿಂತ ಕಡಿಮೆ ಜನರಿರುವ ಕಮ್ಯೂನಿಗೆ 7 ಸದಸ್ಯರು, 100ರಿಂದ 499 ಜನರಿರುವಲ್ಲಿ 11, 500ರಿಂದ 1,499ರವರೆಗೆ 15. ಅವಧಿ ಆರು ವರ್ಷ. ನಮ್ಮ ಗ್ರಾಮ ಪಂಚಾಯಿತಿ ಅಧ್ಯಕ್ಷರಂತೆಯೇ ಮೇಯರನ್ನೂ ನೇರವಾಗಿ ಜನರಲ್ಲ, ಸದಸ್ಯರು ಮೊದಲ ಸಭೆಯಲ್ಲಿ ಗುಪ್ತಮತದಿಂದ ಆರಿಸುತ್ತಾರೆ. ಐವತ್ತು ಜನರ ಊರಿಗೆ ಏಳು ಸದಸ್ಯರೆಂದರೆ ಪ್ರತಿ ಏಳು ಜನರಲ್ಲಿ ಒಬ್ಬರು ಚುನಾಯಿತ ಪ್ರತಿನಿಧಿ ಎಂದಾಯಿತು. ಇಂತಹ ಊರಿನಲ್ಲಿ ಪ್ರಜಾಪ್ರಭುತ್ವ ದೂರದ ಮಾತಲ್ಲ. ಪರಿಷತ್ತಿನಲ್ಲಿ ಅಕ್ಕಪಕ್ಕದವರೇ ಕುಳಿತಿರುತ್ತಾರೆ, ಅಣ್ಣತಮ್ಮಂದಿರೂ ಕೂರುತ್ತಾರೆ, ಆದ್ದರಿಂದ ಹಳೆಯ ಜಗಳಗಳೂ ಸಭೆಯೊಳಕ್ಕೆ ಬರುತ್ತವೆ.

ಫ್ರೆಂಚ್ ಮೇಯರ್ ಹುದ್ದೆಯ ನಿಜವಾದ ವಿಶೇಷವೆಂದರೆ ಅದಕ್ಕೆ ಎರಡು ಮುಖಗಳಿರುವುದು. ಒಂದೆಡೆ ಅವರು ಊರಿನ ಪ್ರತಿನಿಧಿ: ಪರಿಷತ್ತಿನ ನಿರ್ಣಯಗಳನ್ನು ಜಾರಿಗೆ ತರುವವರು, ಬಜೆಟ್ ಸಿದ್ಧಪಡಿಸುವವರು, ಊರಿನ ರಸ್ತೆ, ಸ್ಮಶಾನ, ಶಾಲೆಯ ಕಟ್ಟಡ ನೋಡಿಕೊಳ್ಳುವವರು. ಇನ್ನೊಂದೆಡೆ ಅವರು ರಾಜ್ಯವ್ಯವಸ್ಥೆಯ ಅಧಿಕಾರಿ: ಜನನ, ವಿವಾಹ, ಮರಣಗಳ ನೋಂದಣಾಧಿಕಾರಿ, ಮತದಾರರ ಪಟ್ಟಿಯ ಹೊಣೆಗಾರ, ಕಾನೂನಿನ ದೃಷ್ಟಿಯಲ್ಲಿ ಪೊಲೀಸ್ ಅಧಿಕಾರವನ್ನೂ ಹೊಂದಿದವರು. ನಮ್ಮಲ್ಲಿ ಪಂಚಾಯಿತಿ ಅಧ್ಯಕ್ಷರು, ಅಭಿವೃದ್ಧಿ ಅಧಿಕಾರಿ, ಉಪನೋಂದಣಾಧಿಕಾರಿ, ಠಾಣೆ ಎಂದು ಹಂಚಿಹೋಗಿರುವ ಅಧಿಕಾರಗಳ ಒಂದೊಂದು ಭಾಗ ಅಲ್ಲಿ ಒಬ್ಬರ ಹೆಗಲ ಮೇಲೆ ಬೀಳುತ್ತದೆ. ಆ ಒಬ್ಬರು ಬಹುಪಾಲು ರೈತರೋ ನಿವೃತ್ತರೋ ಶಿಕ್ಷಕಿಯೋ ಆಗಿರುತ್ತಾರೆ. ಅವರಿಗೆ ಸಿಗುವುದು ಸಂಬಳವಲ್ಲ, ಗೌರವಧನ.

ಮದುವೆಯನ್ನೇ ನೋಡಿ. ಫ್ರಾನ್ಸಿನಲ್ಲಿ ಕಾನೂನಿನ ಮಾನ್ಯತೆ ಇರುವುದು ಮೇರಿಯಲ್ಲಿ ನಡೆಯುವ ಮದುವೆಗೆ ಮಾತ್ರ; ಚರ್ಚಿನಲ್ಲಿ ಮದುವೆಯಾಗಬೇಕೆಂದವರೂ ಮೊದಲು ಮೇಯರ್ ಎದುರು ನಿಲ್ಲಬೇಕು. ಮದುವೆ ನಡೆಯುವಾಗ ಮೇರಿಯ ಬಾಗಿಲು ತೆರೆದಿರಬೇಕು, ಏಕೆಂದರೆ ಆಕ್ಷೇಪವಿರುವ ಯಾರಾದರೂ ಒಳಗೆ ಬರಲು ಸಾಧ್ಯವಾಗಬೇಕು. ತ್ರಿವರ್ಣ ಪಟ್ಟಿ ಧರಿಸಿದ ಮೇಯರ್ ನಾಗರಿಕ ಸಂಹಿತೆಯ ಕಲಮುಗಳನ್ನು ಗಟ್ಟಿಯಾಗಿ ಓದುತ್ತಾರೆ: ದಂಪತಿಗಳು ಪರಸ್ಪರ ಗೌರವ, ನಿಷ್ಠೆ, ನೆರವು, ಆಸರೆ ನೀಡಬೇಕು. ವಧೂವರರಲ್ಲಿ ಒಬ್ಬರಾದರೂ ಅಲ್ಲಿ ವಾಸವಾಗಿರಬೇಕು ಎಂಬ ನಿಯಮವನ್ನು 2013ರಿಂದ ಸಡಿಲಿಸಿ, ತಂದೆ ಅಥವಾ ತಾಯಿಯ ಊರಿನಲ್ಲಿಯೂ ಮದುವೆಯಾಗಬಹುದು ಎಂದು ಮಾಡಲಾಗಿದೆ. ಹೀಗಾಗಿ ನಗರ ಸೇರಿದ ಮಕ್ಕಳು ಮದುವೆಗೆಂದು ಊರಿಗೆ ಮರಳಿದಾಗ, ತಮ್ಮನ್ನು ಮಗುವಾಗಿದ್ದಾಗಿನಿಂದ ಬಲ್ಲ ಮೇಯರ್ ಎದುರೇ ಸಹಿ ಹಾಕುವ ಸಂದರ್ಭ ಇರುತ್ತದೆ.

ಜನನದ ಪುಸ್ತಕದ ಕಥೆ ಮಾತ್ರ ಇದಕ್ಕೆ ತದ್ವಿರುದ್ಧ, ಮತ್ತು ಹಳ್ಳಿಯ ಬದಲಾವಣೆಯನ್ನು ಅದರಷ್ಟು ನಿಖರವಾಗಿ ಬೇರೇನೂ ಹೇಳುವುದಿಲ್ಲ. 1539ರಲ್ಲಿ ವಿಲ್ಲೆರ್-ಕೊತ್ರೆ ಎಂಬಲ್ಲಿ ಹೊರಡಿಸಿದ ರಾಜಾಜ್ಞೆ ಪಾದ್ರಿಗಳಿಗೆ ದೀಕ್ಷಾಸ್ನಾನದ ದಾಖಲೆ ಇಡಲು ವಿಧಿಸಿತು. 1792ರ ಸೆಪ್ಟೆಂಬರ್ 20ರ ಕಾನೂನು ಆ ದಾಖಲೆಗಳನ್ನು ಚರ್ಚಿನಿಂದ ಕಮ್ಯೂನಿಗೆ ವರ್ಗಾಯಿಸಿತು. ಆದ್ದರಿಂದ ಎಷ್ಟೋ ಪುಟ್ಟ ಊರುಗಳ ದಾಖಲೆ ಶತಮಾನಗಳಷ್ಟು ಹಿಂದಕ್ಕೆ ಹೋಗುತ್ತದೆ, ವಂಶಾವಳಿ ಹುಡುಕುವವರಿಗೆ ಅದು ಗಣಿಯಿದ್ದಂತೆ. ಆದರೆ ಜನನವನ್ನು ನೋಂದಾಯಿಸಬೇಕಾದದ್ದು ಮಗು ಹುಟ್ಟಿದ ಕಮ್ಯೂನಿನಲ್ಲಿ, ತಾಯಿತಂದೆ ವಾಸಿಸುವ ಕಮ್ಯೂನಿನಲ್ಲಿ ಅಲ್ಲ. ಹೆರಿಗೆಗಳೆಲ್ಲ ಪಟ್ಟಣದ ಆಸ್ಪತ್ರೆಗೆ ಹೋದ ಮೇಲೆ ಹಳ್ಳಿಯ ಜನನ ಪುಸ್ತಕಗಳು ಖಾಲಿಯಾದವು. ವರ್ಷದ ಆರಂಭದಲ್ಲಿ ಪುಸ್ತಕ ತೆರೆಯುತ್ತಾರೆ, ಕೊನೆಯಲ್ಲಿ ಮುಚ್ಚುತ್ತಾರೆ, ನಡುವೆ ದಶಕಗಟ್ಟಲೆ ಒಂದು ಹೆಸರೂ ಇರುವುದಿಲ್ಲ. ಊರಿನಲ್ಲಿ ಮಕ್ಕಳು ಓಡಾಡುತ್ತಿರುತ್ತಾರೆ, ಆದರೆ ಕಾಗದದ ಪ್ರಕಾರ ಅಲ್ಲಿ ಯಾರೂ ಹುಟ್ಟಿಲ್ಲ. ಹಿಮ ಬಿದ್ದ ರಾತ್ರಿಯೋ ತಡವಾದ ಆಂಬುಲೆನ್ಸಿನಿಂದಲೋ ಮನೆಯಲ್ಲಿಯೇ ಒಂದು ಮಗು ಹುಟ್ಟಿದರೆ ಆ ಸುದ್ದಿ ಪ್ರಾದೇಶಿಕ ಪತ್ರಿಕೆಯಲ್ಲಿ ಬರುವುದು ಇದೇ ಕಾರಣಕ್ಕೆ.

ಈ ಕಚೇರಿಯನ್ನು ನಿಜವಾಗಿ ನಡೆಸುವವರು ಕಾರ್ಯದರ್ಶಿ. ಪುಟ್ಟ ಊರಿನಲ್ಲಿ ಅವರು ವಾರಕ್ಕೆ ಕೆಲವು ಗಂಟೆ ಮಾತ್ರ ಇರುತ್ತಾರೆ, ಅನೇಕರು ಎರಡು ಮೂರು ಕಮ್ಯೂನ್‌ಗಳ ನಡುವೆ ಓಡಾಡಿ ಕೆಲಸ ಮಾಡುತ್ತಾರೆ. ಬಜೆಟ್ಟಿನ ಕರಡು, ಮನೆ ಕಟ್ಟುವ ಅರ್ಜಿ, ಸ್ಮಶಾನದಲ್ಲಿ ಜಾಗದ ಒಪ್ಪಂದ, ಒಂಟಿ ಅಜ್ಜಿಗೆ ಬಂದಿರುವ ಅರ್ಥವಾಗದ ಸರ್ಕಾರಿ ಪತ್ರ, ಎಲ್ಲವೂ ಅದೇ ಮೇಜಿಗೆ ಬರುತ್ತವೆ. ಈ ಕೆಲಸಕ್ಕೆ ಜನ ಸಿಗುವುದೇ ಕಷ್ಟವಾದಾಗ 2023ರ ಡಿಸೆಂಬರಿನಲ್ಲಿ ಸಂಸತ್ತು ಅವರ ಸ್ಥಾನಮಾನವನ್ನು ಹೆಚ್ಚಿಸುವ ಕಾನೂನನ್ನು ತರಬೇಕಾಯಿತು. ಕಾರ್ಯದರ್ಶಿಯ ಜೊತೆಗೆ ಕೆಲವೆಡೆ ಒಬ್ಬ ‘ಕಾಂತೋನಿಯೆ’ ಇರುತ್ತಾನೆ: ಚರಂಡಿ ಬಿಡಿಸುವುದು, ಹುಲ್ಲು ಕತ್ತರಿಸುವುದು, ಹಿಮ ಸರಿಸುವುದು, ಬೀದಿದೀಪ ನೋಡುವುದು ಅವನ ಪಾಲು. ಅನೇಕ ಕಮ್ಯೂನ್‌ಗಳ ಇಡೀ ಸಿಬ್ಬಂದಿ ಈ ಇಬ್ಬರೇ.

ಹಣ ಎಲ್ಲಿಂದ ಬರುತ್ತದೆ ಎಂಬುದು ಮುಂದಿನ ಪ್ರಶ್ನೆ. ಮುಖ್ಯ ಮೂಲಗಳು ಎರಡು: ಮನೆ ಮತ್ತು ಜಮೀನಿನ ಮಾಲೀಕರು ಕಟ್ಟುವ ಆಸ್ತಿ ತೆರಿಗೆ, ಕೇಂದ್ರ ಸರ್ಕಾರದ ವಾರ್ಷಿಕ ಅನುದಾನ. ಹಿಂದೆ ಮೂರನೆಯದೊಂದಿತ್ತು: ಬಾಡಿಗೆದಾರರೂ ಸೇರಿದಂತೆ ಊರಿನಲ್ಲಿ ವಾಸಿಸುವ ಪ್ರತಿ ಕುಟುಂಬ ಕಟ್ಟುತ್ತಿದ್ದ ವಾಸದ ತೆರಿಗೆ. 2018ರಿಂದ ಹಂತಹಂತವಾಗಿ ಇಳಿಸಿ 2023ರ ಹೊತ್ತಿಗೆ ಇದನ್ನು ಖಾಯಂ ವಾಸದ ಮನೆಗಳ ಮೇಲೆ ಪೂರ್ತಿ ರದ್ದು ಮಾಡಲಾಯಿತು. ರಜೆಗೆ ಬಂದು ಹೋಗುವವರ ಎರಡನೆಯ ಮನೆಗಳ ಮೇಲೆ ಮಾತ್ರ ಉಳಿಯಿತು. ಜನರಿಗೆ ಇದರಿಂದ ಉಳಿತಾಯವಾಯಿತು, ಕಮ್ಯೂನ್‌ಗಳಿಗೆ ಬೇರೆ ಮೂಲದಿಂದ ಪರಿಹಾರವೂ ಸಿಕ್ಕಿತು. ಆದರೆ ಊರಿನಲ್ಲಿ ವಾಸಿಸುವವರಿಗೂ ಊರಿನ ಖಜಾನೆಗೂ ಇದ್ದ ನೇರ ಕೊಂಡಿ ಕಳಚಿತು, ಮತ್ತು ದರ ನಿಗದಿಪಡಿಸುವ ಸ್ವಾತಂತ್ರ್ಯ ಅಷ್ಟರಮಟ್ಟಿಗೆ ಕುಗ್ಗಿತು. ನನ್ನ ಅಭಿಪ್ರಾಯದಲ್ಲಿ ಕಮ್ಯೂನಿನ ಸ್ವಾಯತ್ತತೆಗೆ ಇತ್ತೀಚಿನ ವರ್ಷಗಳಲ್ಲಿ ಬಿದ್ದ ದೊಡ್ಡ ಪೆಟ್ಟು ಇದೇ.

ಖರ್ಚಿನ ಪಟ್ಟಿಯಲ್ಲಿ ಅಚ್ಚರಿ ಹುಟ್ಟಿಸುವ ಒಂದು ಸಾಲಿದೆ: ಚರ್ಚಿನ ಛಾವಣಿ. 1905ರಲ್ಲಿ ಫ್ರಾನ್ಸ್ ಧರ್ಮವನ್ನೂ ಸರ್ಕಾರವನ್ನೂ ಬೇರ್ಪಡಿಸಿತು. ಅದಕ್ಕೂ ಮುನ್ನ ಕಟ್ಟಿದ ಊರಿನ ಚರ್ಚುಗಳು ಕಮ್ಯೂನಿನ ಆಸ್ತಿಯಾಗಿ ಉಳಿದವು. ಒಳಗೆ ಪೂಜೆ ನಡೆಸುವ ಹಕ್ಕು ಪಾದ್ರಿಗಳದು, ಹೊರಗಿನ ಗೋಡೆಯೂ ಛಾವಣಿಯೂ ಊರಿನದು. ಹೀಗಾಗಿ ಭಾನುವಾರದ ಪ್ರಾರ್ಥನೆಗೆ ಹೋಗದವರೇ ಹೆಚ್ಚಿರುವ ಮುನ್ನೂರು ಜನರ ಕಮ್ಯೂನ್ ಒಂದು, ಹನ್ನೆರಡನೆಯ ಶತಮಾನದ ಕಲ್ಲಿನ ಗೋಪುರದ ದುರಸ್ತಿಗೆ ವರ್ಷಗಟ್ಟಲೆ ಹಣ ಕೂಡಿಡುವುದನ್ನು ಕಾಣಬಹುದು. ನಾಸ್ತಿಕ ಮೇಯರ್‌ಗಳು ಕೂಡ ಆ ಗಂಟೆ ನಿಲ್ಲಬಾರದೆಂದು ಜಿಲ್ಲಾ ಕಚೇರಿಯ ಅನುದಾನಕ್ಕೆ ಅರ್ಜಿ ಹಾಕುತ್ತಾರೆ. ಭಕ್ತಿಗಿಂತ ಭಿನ್ನವಾದ, ಆದರೆ ಅಷ್ಟೇ ಆಳವಾದ ನಿಷ್ಠೆಯೊಂದು ಇಲ್ಲಿದೆ.

ಪೂರ್ವ ಫ್ರಾನ್ಸಿನ ಅರಣ್ಯ ಪ್ರದೇಶಗಳಲ್ಲಿ ಕಮ್ಯೂನಿನ ಇನ್ನೊಂದು ಹಳೆಯ ಮುಖವನ್ನು ನೋಡಬಹುದು. ಅಲ್ಲಿ ಸಾವಿರಾರು ಕಮ್ಯೂನ್‌ಗಳು ಸ್ವಂತ ಕಾಡುಗಳನ್ನು ಹೊಂದಿವೆ. ಕಾಡಿನ ನಿರ್ವಹಣೆಯನ್ನು ರಾಷ್ಟ್ರೀಯ ಅರಣ್ಯ ಕಚೇರಿ ನೋಡಿಕೊಳ್ಳುತ್ತದೆ, ಆದರೆ ಪ್ರತಿ ವರ್ಷ ಒಂದಿಷ್ಟು ಮರಗಳನ್ನು ಊರಿನವರ ಸೌದೆಗಾಗಿ ಬಿಡಬಹುದು. ಇದಕ್ಕೆ ‘ಅಫೂಆಜ್’ ಎನ್ನುತ್ತಾರೆ. ಹಂಚಿಕೆಯ ಹಳೆಯ ಲೆಕ್ಕ ತಲೆಗಲ್ಲ, ಒಲೆಗೆ: ಒಂದು ಒಲೆ ಎಂದರೆ ಒಂದು ಮನೆ, ಒಂದು ಮನೆಗೆ ಒಂದು ಪಾಲು. ಯಾರಿಗೆ ಯಾವ ಜಾಗದ ಮರಗಳು ಎಂಬುದನ್ನು ಚೀಟಿ ಎತ್ತಿ ನಿರ್ಧರಿಸುವುದು ರೂಢಿ. ಚಳಿಗಾಲದ ಶನಿವಾರಗಳಲ್ಲಿ ಮನೆಮಂದಿ ಗರಗಸ ಹಿಡಿದು ಕಾಡಿಗೆ ಹೋಗುತ್ತಾರೆ. ಕತ್ತರಿಸಿದ್ದು ಮನೆಯ ಬಳಕೆಗೆ ಮಾತ್ರ, ಅದನ್ನು ಮಾರುವುದಕ್ಕೆ ಕಾನೂನಿನ ನಿಷೇಧವಿದೆ. ಊರಿನಲ್ಲಿ ಮನೆ ಮಾಡಿ ನೆಲೆಸಿದ ಹೊಸಬರಿಗೂ ಹಳಬರಷ್ಟೇ ಪಾಲು ಸಿಗುತ್ತದೆ. ಕಮ್ಯೂನಿಗೆ ಸೇರುವುದು ಎಂದರೆ ಏನು ಎಂಬುದನ್ನು ಒಂದು ರಾಶಿ ಸೌದೆ ಬಹಳ ಚೆನ್ನಾಗಿ ಅರ್ಥಮಾಡಿಸುತ್ತದೆ.

ಕಮ್ಯೂನಿನ ಬದುಕು ಮೇರಿಯ ಹೊರಗೂ ಇದೆ, ಅದನ್ನು ನಡೆಸುವುದು ಸಂಘಗಳು. 1901ರ ಜುಲೈ 1ರ ಕಾನೂನು ಇಬ್ಬರು ಸೇರಿದರೂ ಸಂಘ ಕಟ್ಟುವ ಸ್ವಾತಂತ್ರ್ಯ ಕೊಟ್ಟಿತು, ಅಂದಿನಿಂದ ಹಳ್ಳಿಗಳಲ್ಲಿ ಉತ್ಸವ ಸಮಿತಿ, ಬೇಟೆಗಾರರ ಸಂಘ, ಪೆತಾಂಕ್ ಆಟದ ಸಂಘ, ಹಿರಿಯರ ಸಂಘ, ಶಾಲೆಯ ಪೋಷಕರ ಸಂಘ ಹುಟ್ಟಿಕೊಂಡವು. ಜುಲೈ 14ರ ರಾಷ್ಟ್ರೀಯ ದಿನದ ಊಟ, ಊರ ಸಂತನ ಹೆಸರಿನ ಹಬ್ಬ, ಮನೆಯ ಅಟ್ಟದಲ್ಲಿದ್ದ ಹಳೆಯ ಸಾಮಾನುಗಳನ್ನು ಬೀದಿಯಲ್ಲಿ ಹರಡಿ ಮಾರುವ ಸಂತೆ, ಚಳಿಗಾಲದ ಲೋಟೋ ಆಟ, ಇವೆಲ್ಲ ಕಮ್ಯೂನಿನ ಸಭಾಂಗಣದಲ್ಲೋ ಚೌಕದಲ್ಲೋ ನಡೆಯುತ್ತವೆ. ಜಾಗ ಕಮ್ಯೂನಿನದು, ಕೈಗಳು ಸಂಘದವರದು. ಬೆಂಕಿ ಬಿದ್ದರೆ ಬರುವವರು ಕೂಡ ಬಹುಮಟ್ಟಿಗೆ ಸ್ವಯಂಸೇವಕರೇ. ಫ್ರಾನ್ಸಿನ ಅಗ್ನಿಶಾಮಕ ಪಡೆಯಲ್ಲಿ ಸುಮಾರು ಐದರಲ್ಲಿ ನಾಲ್ವರು ಬೇರೆ ಉದ್ಯೋಗ ಮಾಡಿಕೊಂಡು ಈ ಸೇವೆಗೆ ಬರುವವರು.

ನವೆಂಬರ್ 11ರ ಬೆಳಗ್ಗೆ ಊರೆಲ್ಲ ಸೇರುವ ಜಾಗ ಯುದ್ಧಸ್ಮಾರಕ. 1918ರ ನಂತರದ ಕೆಲವೇ ವರ್ಷಗಳಲ್ಲಿ ಹೆಚ್ಚುಕಡಿಮೆ ಪ್ರತಿ ಕಮ್ಯೂನ್ ತನ್ನ ಖರ್ಚಿನಲ್ಲಿ, ಸರ್ಕಾರದ ಸ್ವಲ್ಪ ನೆರವು ಪಡೆದು, ತನ್ನ ಸತ್ತವರ ಹೆಸರುಗಳನ್ನು ಕಲ್ಲಿನಲ್ಲಿ ಕೆತ್ತಿಸಿತು. ಮೇಯರ್ ಒಂದೊಂದು ಹೆಸರನ್ನು ಓದಿದಂತೆ ಸೇರಿದವರು ‘ಫ್ರಾನ್ಸಿಗಾಗಿ ಮಡಿದರು’ ಎನ್ನುತ್ತಾರೆ. ಇಂದು ಇನ್ನೂರು ಜನರಿರುವ ಊರಿನ ಕಲ್ಲಿನಲ್ಲಿ ಮೂವತ್ತು ನಲವತ್ತು ಹೆಸರುಗಳಿರುವುದೂ, ಅವುಗಳಲ್ಲಿ ಒಂದೇ ಮನೆತನದ ಹೆಸರು ಎರಡು ಮೂರು ಸಲ ಬರುವುದೂ ಉಂಟು. ಆ ಊರು ಮತ್ತೆ ಚೇತರಿಸಿಕೊಳ್ಳದಿದ್ದಕ್ಕೆ ಕಾರಣವನ್ನು ಬೇರೆ ಹುಡುಕಬೇಕಾಗಿಲ್ಲ. ಪುದುಚೇರಿಯ ಕಡಲತೀರಕ್ಕೆ ಹೋದ ಕನ್ನಡಿಗರು ನೋಡಿರುವ ಫ್ರೆಂಚ್ ಯುದ್ಧಸ್ಮಾರಕವೂ ಇದೇ ಪರಂಪರೆಯದು. ಫ್ರೆಂಚ್ ಭಾರತದಿಂದ ಹೋಗಿ ಆ ಯುದ್ಧದಲ್ಲಿ ಸತ್ತವರಿಗಾಗಿ 1938ರಲ್ಲಿ ಅದನ್ನು ಸ್ಥಾಪಿಸಲಾಯಿತು.

ಹಳ್ಳಿಯ ಕೊರತೆಗಳನ್ನು ಮರೆಮಾಚಿ ಇಷ್ಟನ್ನು ಹೇಳಿದರೆ ಅದು ಪ್ರಾಮಾಣಿಕ ಬರಹವಾಗುವುದಿಲ್ಲ. ಬೇಕರಿ, ಕಾಫಿ ಅಂಗಡಿ, ಅಂಚೆ ಕಚೇರಿ, ವೈದ್ಯರು ಒಂದೊಂದಾಗಿ ಕಣ್ಮರೆಯಾದಾಗ ಕೊನೆಗೆ ಉಳಿಯುವ ಏಕೈಕ ಸಾರ್ವಜನಿಕ ಬಾಗಿಲು ಮೇರಿಯದು. ಆಗ ಕಮ್ಯೂನ್ ತನ್ನ ಕೆಲಸವಲ್ಲದ ಕೆಲಸಗಳಿಗೂ ಕೈ ಹಾಕುತ್ತದೆ: ಮುಚ್ಚಿದ ಅಂಗಡಿಯ ಕಟ್ಟಡವನ್ನು ಖರೀದಿಸಿ, ಕಡಿಮೆ ಬಾಡಿಗೆಗೆ ಕೊಟ್ಟು, ದಿನಸಿಯನ್ನೂ ಬ್ರೆಡ್ಡನ್ನೂ ಕಾಫಿಯನ್ನೂ ಒಂದೇ ಸೂರಿನಡಿ ಮಾರುವ ಕುಟುಂಬವನ್ನು ಹುಡುಕುತ್ತದೆ, ಅಂಚೆ ಇಲಾಖೆಯೊಂದಿಗೆ ಒಪ್ಪಂದ ಮಾಡಿಕೊಂಡು ಮೇರಿಯ ಮೂಲೆಯಲ್ಲಿಯೇ ಅಂಚೆ ಕೌಂಟರ್ ತೆರೆಯುತ್ತದೆ. ಶಾಲೆಯ ವಿಷಯದಲ್ಲಿ ಮಾತ್ರ ಅದರ ಕೈ ಕಟ್ಟಿದೆ. ಕಟ್ಟಡವೂ ಊಟದ ವ್ಯವಸ್ಥೆಯೂ ಕಮ್ಯೂನಿನದು, ಶಿಕ್ಷಕರ ಹುದ್ದೆ ಸರ್ಕಾರದ್ದು. ಮಕ್ಕಳ ಸಂಖ್ಯೆ ಕುಸಿದಾಗ ತರಗತಿ ಮುಚ್ಚುವ ತೀರ್ಮಾನ ಶಿಕ್ಷಣ ಇಲಾಖೆಯಿಂದ ಬರುತ್ತದೆ. ಅದನ್ನು ತಡೆಯಲು ಮೂರು ನಾಲ್ಕು ಊರುಗಳು ಒಂದಾಗಿ, ಚಿಕ್ಕ ಮಕ್ಕಳು ಒಂದು ಊರಿನಲ್ಲಿ, ದೊಡ್ಡವರು ಇನ್ನೊಂದು ಊರಿನಲ್ಲಿ ಓದುವಂತೆ ಹಂಚಿಕೊಳ್ಳುತ್ತವೆ. ಅವುಗಳ ನಡುವೆ ಬೆಳಗ್ಗೆ ಸಂಜೆ ಹಳದಿ ದೀಪದ ಬಸ್ಸು ಓಡಾಡುತ್ತದೆ.

ಒಂಟಿ ಕಮ್ಯೂನಿನಿಂದ ಆಗದ್ದನ್ನು ಮಾಡಲು 1992ರ ಕಾನೂನು ‘ಕಮ್ಯೂನ್‌ಗಳ ಸಮುದಾಯ’ ಎಂಬ ಕೂಟಕ್ಕೆ ದಾರಿ ಮಾಡಿತು. ಕಸ ಸಾಗಣೆ, ಕೈಗಾರಿಕಾ ವಲಯ, ಈಜುಕೊಳದಂತಹ ಕೆಲಸಗಳು ಕ್ರಮೇಣ ಅಲ್ಲಿಗೆ ಹೋದವು. 2015ರ ಆಗಸ್ಟಿನ ಕಾನೂನು ಪ್ರತಿ ಕೂಟದಲ್ಲಿಯೂ ಸಾಮಾನ್ಯವಾಗಿ ಕನಿಷ್ಠ 15 ಸಾವಿರ ಜನರಿರಬೇಕು ಎಂದು ವಿಧಿಸಿತು. ಗುಡ್ಡಗಾಡಿನಲ್ಲಿ ಇಷ್ಟು ಜನರನ್ನು ಕೂಡಿಸಬೇಕಾದರೆ ಹತ್ತಾರು ಕಮ್ಯೂನ್‌ಗಳು ಸೇರಬೇಕು, ಸಭೆಗೆ ಹೋಗಲು ಕಣಿವೆಗಳನ್ನು ದಾಟಬೇಕು. ಅತಿ ಪುಟ್ಟ ಊರಿಗೆ ಅಲ್ಲಿ ಸಿಗುವುದು ಒಂದೇ ಆಸನ. ಕುಡಿಯುವ ನೀರು ಮತ್ತು ಒಳಚರಂಡಿಯನ್ನೂ 2026ರೊಳಗೆ ಕಡ್ಡಾಯವಾಗಿ ಕೂಟಕ್ಕೆ ಒಪ್ಪಿಸಬೇಕೆಂಬ ನಿಯಮವನ್ನು ಹಳ್ಳಿಯ ಮೇಯರ್‌ಗಳು ವರ್ಷಗಟ್ಟಲೆ ವಿರೋಧಿಸಿದರು. ತಮ್ಮ ಊರಿನ ಬುಗ್ಗೆ ಎಲ್ಲಿದೆ, ಕೊಳವೆ ಎಲ್ಲಿ ಒಡೆಯುತ್ತದೆ ಎಂಬುದು ತಮಗೆ ಗೊತ್ತು ಎಂಬುದು ಅವರ ವಾದವಾಗಿತ್ತು. 2025ರಲ್ಲಿ ಸಂಸತ್ತು ಆ ಕಡ್ಡಾಯವನ್ನು ಕೈಬಿಟ್ಟಿತು. ಇದರ ಜೊತೆಗೆ ಸ್ವಇಚ್ಛೆಯಿಂದ ವಿಲೀನವಾಗುವ ‘ಹೊಸ ಕಮ್ಯೂನ್’ ಎಂಬ ದಾರಿಯೂ 2010ರಿಂದ ಇದೆ. ಹೀಗೆ ಸೇರಿದ ಹಳೆಯ ಊರುಗಳು ತಮ್ಮ ಹೆಸರನ್ನೂ ಒಬ್ಬ ಪ್ರತಿನಿಧಿ ಮೇಯರನ್ನೂ ಉಳಿಸಿಕೊಳ್ಳಬಹುದು. ಕಮ್ಯೂನ್‌ಗಳ ಒಟ್ಟು ಸಂಖ್ಯೆ 36 ಸಾವಿರಕ್ಕಿಂತ ಮೇಲಿದ್ದದ್ದು ಕೆಳಗಿಳಿಯಲು ಮುಖ್ಯ ಕಾರಣ ಇದು.

ಅಧಿಕಾರ ಹೀಗೆ ತೆಳುವಾಗುತ್ತಿದ್ದರೂ ಹಳ್ಳಿಯ ಮೇಯರ್ ರಾಷ್ಟ್ರರಾಜಕೀಯದಲ್ಲಿ ಲೆಕ್ಕಕ್ಕಿಲ್ಲದವರಲ್ಲ. ಫ್ರಾನ್ಸಿನ ಅಧ್ಯಕ್ಷ ಪದವಿಗೆ ಸ್ಪರ್ಧಿಸಲು ಕನಿಷ್ಠ 30 ಜಿಲ್ಲೆಗಳ 500 ಚುನಾಯಿತ ಪ್ರತಿನಿಧಿಗಳ ಸಹಿ ಬೇಕು, ಹಾಗೆ ಸಹಿ ಹಾಕಬಲ್ಲವರಲ್ಲಿ ಬಹುಪಾಲು ಮೇಯರ್‌ಗಳೇ. ಆದ್ದರಿಂದ ಐದು ವರ್ಷಕ್ಕೊಮ್ಮೆ, ಸಣ್ಣ ಪಕ್ಷಗಳ ಕಾರ್ಯಕರ್ತರು ಹಳ್ಳಿಹಳ್ಳಿ ಸುತ್ತಿ ಮೇರಿಯ ಬಾಗಿಲು ತಟ್ಟುತ್ತಾರೆ.

ಈ ಹುದ್ದೆಗೆ ಅಪಾಯವೂ ಇದೆ. 2019ರ ಆಗಸ್ಟ್ 5ರಂದು ದಕ್ಷಿಣದ ವಾರ್ ಪ್ರಾಂತದ ಸಿನ್ಯ್ ಕಮ್ಯೂನಿನ ಮೇಯರ್, ರಸ್ತೆ ಬದಿಯಲ್ಲಿ ಕಟ್ಟಡದ ತ್ಯಾಜ್ಯ ಸುರಿದವರನ್ನು ತಡೆಯಲು ಹೋಗಿ, ಅವರ ವಾಹನದಡಿ ಸಿಲುಕಿ ಮೃತಪಟ್ಟರು. ಅವರಿಗೆ 76 ವರ್ಷ. ಊರಿನ ಕಸದ ವಿಷಯಕ್ಕೆ ಸ್ವತಃ ಹೋಗಿ ನಿಲ್ಲುವ ಆ ಹಿರಿಯರು ಮಾಡಿದ್ದು ಸಾಮಾನ್ಯ ಮೇಯರ್ ದಿನವೂ ಮಾಡುವ ಕೆಲಸವನ್ನೇ ಎಂಬುದರಿಂದ ದೇಶವೇ ಆ ಸಾವಿಗೆ ಮರುಗಿತು.

ಕಮ್ಯೂನಿನ ಚಿಕ್ಕ ಗಾತ್ರದಿಂದ ಏನು ಸಾಧ್ಯ ಎಂಬುದಕ್ಕೆ ಸಾಯಾಂ ಒಳ್ಳೆಯ ಉದಾಹರಣೆ. ದ್ರೋಮ್ ನದಿಯ ದಂಡೆಯಲ್ಲಿ, ‘ಮೂರು ಕೊಕ್ಕು’ ಎಂದು ಹೆಸರಾದ ಶಿಖರಗಳ ಬುಡದಲ್ಲಿ, ದ್ರಾಕ್ಷಿತೋಟಗಳ ನಡುವೆ ಇರುವ ಸುಮಾರು 1,200 ಜನರ ಊರು ಅದು. ಊರ ಹೊರಗೆ ಸೂಪರ್‌ಮಾರ್ಕೆಟ್ ಕಟ್ಟುವ ಯೋಜನೆಯೊಂದಕ್ಕೆ ಹಿಂದಿನ ಆಡಳಿತ ಒಪ್ಪಿದಾಗ, ಒಳಗಿನ ಅಂಗಡಿಗಳು ಸಾಯುತ್ತವೆ ಎಂದು ಜನರು ವಿರೋಧಿಸಿದರು. ಯೋಜನೆ ಬಿದ್ದುಹೋಯಿತು, ಸೇರಿದ ಜನರು ಮಾತ್ರ ಚದುರಲಿಲ್ಲ. 2014ರ ಮಾರ್ಚಿನಲ್ಲಿ ಅವರು ಮೊದಲು ಕಾರ್ಯಕ್ರಮ, ಆಮೇಲೆ ಅಭ್ಯರ್ಥಿಗಳು ಎಂಬ ಕ್ರಮದಲ್ಲಿ ಒಂದು ಪಟ್ಟಿ ತಯಾರಿಸಿ ಮೊದಲ ಸುತ್ತಿನಲ್ಲಿಯೇ ಗೆದ್ದರು. ಗೆದ್ದವರು ಮೇಯರ್ ಒಬ್ಬರೇ ನಿರ್ಧರಿಸುವ ಪದ್ಧತಿ ಬಿಟ್ಟು ಜವಾಬ್ದಾರಿಗಳನ್ನು ಜೋಡಿಜೋಡಿಯಾಗಿ ಹಂಚಿಕೊಂಡರು. ಬೀದಿದೀಪ ರಾತ್ರಿ ಎಷ್ಟು ಹೊತ್ತಿಗೆ ಆರಬೇಕು ಎಂಬುದರಿಂದ ಹಿಡಿದು ವಾಹನ ನಿಲುಗಡೆಯವರೆಗೆ ಊರಿನವರ ಕಾರ್ಯಗುಂಪುಗಳು ಚರ್ಚಿಸಿದವು. ಯಾವ ಜಮೀನಿನಲ್ಲಿ ಮನೆ ಕಟ್ಟಬಹುದು ಎಂಬ ಭೂಬಳಕೆ ಯೋಜನೆಯ ಪರಿಷ್ಕರಣೆಯಲ್ಲಿ ಚೀಟಿ ಎತ್ತಿ ಆರಿಸಿದ ನಾಗರಿಕರಿಗೂ ಪಾಲು ಕೊಟ್ಟರು. ಅಲ್ಲಿ ಭಿನ್ನಾಭಿಪ್ರಾಯ ಬಲವಾಯಿತು, ಏಕೆಂದರೆ ಜಮೀನಿನ ಬೆಲೆ ಆ ಗೆರೆಗಳ ಮೇಲೆ ನಿಂತಿರುತ್ತದೆ. ದಣಿವೂ ಸೇರಿತು, ಆರು ವರ್ಷ ಸಂಜೆಗಳನ್ನು ಸಭೆಗಳಿಗೆ ಕೊಡುವುದು ಸುಲಭವಲ್ಲ. 2020ರ ಮಾರ್ಚಿನಲ್ಲಿ ಆ ಗುಂಪು ಇಪ್ಪತ್ತಕ್ಕಿಂತ ಕಡಿಮೆ ಮತಗಳಿಂದ ಸೋತಿತು. ಸೋಲಿನಿಂದ ಆ ಪ್ರಯೋಗ ಸುಳ್ಳಾಯಿತೆಂದು ನಾನು ಭಾವಿಸುವುದಿಲ್ಲ. ಅಷ್ಟು ಕಡಿಮೆ ಮತಗಳಿಂದ ಆಡಳಿತವೇ ಬದಲಾಗುವ ಊರಿನಲ್ಲಿ ಪ್ರತಿ ಮತದಾರರಿಗೂ ತಮ್ಮ ಮತದ ತೂಕ ಗೊತ್ತಿರುತ್ತದೆ.

2020ರವರೆಗೆ ಸಾವಿರಕ್ಕಿಂತ ಕಡಿಮೆ ಜನರಿರುವ ಕಮ್ಯೂನ್‌ಗಳಲ್ಲಿ ಮತದಾರರು ಮತಪತ್ರದ ಮೇಲಿನ ಹೆಸರನ್ನು ಪೆನ್ನಿನಿಂದ ಹೊಡೆದುಹಾಕಿ ಬೇರೆಯವರ ಹೆಸರನ್ನು ಸೇರಿಸಬಹುದಾಗಿತ್ತು. ಊರಿನ ಪ್ರೀತಿಯೂ ಸಿಟ್ಟೂ ಆ ಗೀಟುಗಳಲ್ಲಿ ಕಾಣುತ್ತಿದ್ದವು. 2025ರ ಮೇ 21ರ ಕಾನೂನು ಆ ಪದ್ಧತಿಯನ್ನು ಕೊನೆಗೊಳಿಸಿ, ಅತಿ ಪುಟ್ಟ ಊರಿನಲ್ಲಿಯೂ 2026ರ ಚುನಾವಣೆಯಿಂದ ಗಂಡು ಹೆಣ್ಣು ಒಬ್ಬರಾದ ಮೇಲೆ ಒಬ್ಬರಂತೆ ಇರುವ ಪೂರ್ಣ ಪಟ್ಟಿಗೇ ಮತ ಹಾಕಬೇಕೆಂದು ವಿಧಿಸಿತು. ಹಳ್ಳಿಯ ಪರಿಷತ್ತುಗಳಲ್ಲಿ ಗಂಡಸರೇ ತುಂಬಿದ್ದ ಸ್ಥಿತಿಯನ್ನು ಸರಿಪಡಿಸುವುದು ಇದರ ಉದ್ದೇಶ. ಅರವತ್ತು ಜನರ ಊರಿನಲ್ಲಿ ಇಂತಹ ಒಂದು ಪಟ್ಟಿ ಕಟ್ಟುವುದೇ ಸಾಹಸವೆಂದು ಹಲವರು ಹೇಳಿದ್ದರಿಂದ, ಪಟ್ಟಿಯಲ್ಲಿ ಎರಡು ಹೆಸರು ಕಡಿಮೆ ಇದ್ದರೂ ನಡೆಯುತ್ತದೆ ಎಂಬ ರಿಯಾಯಿತಿಯನ್ನು ಕಾನೂನಿನಲ್ಲಿ ಇಡಲಾಗಿದೆ.

ಮತದಾನದ ಕ್ರಮ ಮಾತ್ರ ಹಳೆಯದೇ. ಭಾನುವಾರ ಬೆಳಗ್ಗೆ ಎಂಟಕ್ಕೆ ಮೇರಿಯ ಮೇಜಿನ ಮೇಲೆ ಪಾರದರ್ಶಕ ಪೆಟ್ಟಿಗೆ ಇಡುತ್ತಾರೆ. ಮತದಾರರು ಪರದೆಯ ಹಿಂದೆ ಹೋಗಿ ಮತಪತ್ರವನ್ನು ಲಕೋಟೆಗೆ ಹಾಕಿ ತರುತ್ತಾರೆ. ಲಕೋಟೆ ಪೆಟ್ಟಿಗೆಯೊಳಗೆ ಬಿದ್ದ ಕೂಡಲೇ ಮೇಜಿನ ಹಿಂದಿನವರು ಎಲ್ಲರಿಗೂ ಕೇಳುವಂತೆ ‘ಮತ ಚಲಾಯಿಸಿದ್ದಾರೆ’ ಎಂದು ಕೂಗುತ್ತಾರೆ, ಪಟ್ಟಿಯಲ್ಲಿ ಸಹಿ ಬೀಳುತ್ತದೆ. ಸಂಜೆ ಆರಕ್ಕೆ ಬಾಗಿಲು ಮುಚ್ಚದೆಯೇ ಎಣಿಕೆ ಆರಂಭವಾಗುತ್ತದೆ. ಎಣಿಸುವವರು ಅಧಿಕಾರಿಗಳಲ್ಲ, ಊರಿನ ಮತದಾರರೇ: ಒಬ್ಬರು ಲಕೋಟೆ ಬಿಡಿಸುತ್ತಾರೆ, ಒಬ್ಬರು ಓದುತ್ತಾರೆ, ಇಬ್ಬರು ಬೇರೆಬೇರೆ ಹಾಳೆಗಳಲ್ಲಿ ಗೆರೆ ಹಾಕುತ್ತಾರೆ, ಉಳಿದವರು ಸುತ್ತ ನಿಂತು ನೋಡುತ್ತಾರೆ. ಎರಡು ಹಾಳೆಗಳ ಲೆಕ್ಕ ಒಂದಾದ ಮೇಲೆ ಮೇಯರ್ ಫಲಿತಾಂಶವನ್ನು ಓದಿ, ಅದನ್ನು ಮೇರಿಯ ಬಾಗಿಲಿಗೆ ಅಂಟಿಸುತ್ತಾರೆ.